ಹೊಗೆಯ ಲೆಕ್ಕ, ಕೂಲಿಯ ಲೆಕ್ಕ

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ರಾಷ್ಟ್ರಗಳೆಲ್ಲ ಸೇರಿ ಹೊಗೆಗೆ ಮಿತಿ ಹಾಕಿಕೊಳ್ಳುವ ಸುದ್ದಿಯನ್ನು ನಾವು ಇಲ್ಲಿನ ಪತ್ರಿಕೆಗಳಲ್ಲಿ ನೋಡುತ್ತೇವೆ. ದುಡಿದು ಉಣ್ಣುವ ನಮಗೆ ಇದೇಕೆಂದು ಪುಟ ತಿರುವಿಬಿಡುತ್ತೇವೆ. ಆದರೆ ಆ ಮಿತಿಯ ಲಾಭನಷ್ಟ ನಮ್ಮ ನಾಡಿನ ಹೊಲದವರೆಗೂ ಬಂದಿದೆ.

ಕಲ್ಲಿದ್ದಲು, ತೈಲ ಉರಿದಾಗ ಹೊರಡುವ ಅನಿಲವು ಭೂಮಿಯ ಶಾಖ ಹೊರಗೆ ಹೋಗದಂತೆ ಕಂಬಳಿಯ ಹಾಗೆ ತಡೆಯುತ್ತದೆ. ಬಿಸಿಲಲ್ಲಿ ಮೈಮುರಿದು ದುಡಿಯುವವನಿಗೆ ಅದರ ಪೆಟ್ಟು ಮೊದಲು. ಆದುದರಿಂದ ಮಿತಿ ಬೇಕೇ ಬೇಕು.

1997ರಲ್ಲಿ ಜಪಾನಿನ ಕ್ಯೋಟೋ ನಗರದಲ್ಲಿ ಒಂದು ಒಪ್ಪಂದವಾಯಿತು. ಮುಂದುವರಿದ ದೇಶಗಳು 2008ರಿಂದ 2012ರ ಅವಧಿಯಲ್ಲಿ ತಮ್ಮ ಅನಿಲವನ್ನು 1990ರ ಮಟ್ಟಕ್ಕಿಂತ ಸರಾಸರಿ ಶೇಕಡ 5ರಷ್ಟು ಇಳಿಸತಕ್ಕದ್ದು. ಭಾರತದಂಥ ದೇಶಗಳಿಗೆ ಆ ಕಟ್ಟುಪಾಡಿಲ್ಲ. ಮನೆ ತುಂಬ ಹೊಗೆ ಎಬ್ಬಿಸಿದವನೇ ಮೊದಲು ಕಿಟಕಿ ತೆರೆಯಲಿ ಎಂಬ ನ್ಯಾಯವಿದು. ಅಮೆರಿಕ ಸಹಿ ಹಾಕಿಯೂ ಅನುಮೋದಿಸಲಿಲ್ಲ. ಕೆನಡಾ ನಡುವೆ ಬಿಟ್ಟುಹೋಯಿತು. 2015ರ ಪ್ಯಾರಿಸ್ ಒಪ್ಪಂದದಲ್ಲಿ ಪ್ರತಿ ದೇಶವೂ ತನ್ನ ಗುರಿಯನ್ನು ತಾನೇ ಗೊತ್ತುಮಾಡಿಕೊಳ್ಳಬೇಕೆಂದಾಯಿತು. ವಿದ್ಯುತ್ ಸ್ಥಾವರಗಳ ಸಾಮರ್ಥ್ಯದಲ್ಲಿ ಅರ್ಧಭಾಗ 2030ರೊಳಗೆ ಕಲ್ಲಿದ್ದಲು, ತೈಲ, ಅನಿಲಗಳ ಹೊರತಾದ ಮೂಲಗಳದಾಗಬೇಕೆಂದು ಭಾರತ 2022ರಲ್ಲಿ ಮಾತು ಕೊಟ್ಟಿತು. 2025ರಲ್ಲಿಯೇ ಅದನ್ನು ಮುಟ್ಟಿತು. ಆದರೂ ನಿಜವಾಗಿ ಉತ್ಪಾದನೆಯಾಗುವ ವಿದ್ಯುತ್ತಿನ ಬಹುಪಾಲು ಇನ್ನೂ ಕಲ್ಲಿದ್ದಲಿನದೇ.

ಈ ಗುರಿಯ ಸಾಧನೆಯಲ್ಲಿ ತುಮಕೂರು ಜಿಲ್ಲೆಯ ಪಾವಗಡಕ್ಕೂ ಪಾಲಿದೆ. ಮಳೆ ಕಾಣದ ಆ ಸೀಮೆಯ ತಿರುಮಣಿ ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ವಿದ್ಯುತ್ ಕ್ಷೇತ್ರ ಎದ್ದಿದೆ. ರೈತರಿಂದ ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದರು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗೊತ್ತಾಯಿತು. ಬರಗಾಲದಲ್ಲಿ ಬೆಳೆ ನಂಬಿ ಸೋತವನಿಗೆ ಇದು ದೊಡ್ಡ ಆಸರೆಯೇ ಸರಿ. ಹೊಲವೇ ಇಲ್ಲದ ಕೂಲಿಗಾರನ ಗತಿಯೇನು? ಬಿತ್ತನೆ, ಕಳೆ, ಕೊಯ್ಲು ನಿಂತವು. ಗುತ್ತಿಗೆಯ ಹಣ ಪಟ್ಟಾದಾರನ ಕೈಗೆ ಹೋಯಿತು. ಫಲಕ ತೊಳೆಯುವ, ಕಾವಲು ಕಾಯುವ ಕೆಲಸ ಕೆಲವರಿಗೆ ಮಾತ್ರ ಸಿಕ್ಕಿತು. ಊರಿನಲ್ಲಿ ಕೂಲಿ ತಪ್ಪಿದರೆ ಗಂಟುಮೂಟೆ ಕಟ್ಟುವುದೇನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಾಳೆ ಕಲ್ಲಿದ್ದಲ ಗಣಿಗಳು ಮುಚ್ಚುವಾಗಲೂ ಇದೇ ಪ್ರಶ್ನೆ ಏಳುವುದು. ಕೆಲಸಗಾರರಿಗೆ ನ್ಯಾಯ ತಪ್ಪದಂತೆ ಬದಲಾವಣೆ ನಡೆಯಬೇಕೆಂಬ ಮಾತು ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲಿಯೇ ಇದೆ. ಅದು ಪೀಠಿಕೆಯಲ್ಲಿಯೇ ಉಳಿಯಬಾರದು. ಹೊಗೆ ಎಷ್ಟು ಇಳಿಯಿತೆಂದು ಲೆಕ್ಕ ಕೇಳುವಾಗಲೆಲ್ಲ, ಕೂಲಿ ಎಷ್ಟು ಮಂದಿಗೆ ತಪ್ಪಿತು, ಅವರಿಗೆ ಬದಲಿ ಏನು ಕೊಟ್ಟಿರಿ ಎಂದೂ ನಾವು ಕೇಳೋಣ. ಕೇಳಬೇಕಾದರೆ ತಿಳಿದಿರಬೇಕು, ಈ ವಾಚನಾಲಯ ಇರುವುದು ಅದಕ್ಕಾಗಿಯೇ.