ಮನೆಪಾಠಕ್ಕೆ ಬೀದಿಯೂ ಬೇಕು



ಹೈದರಾಬಾದಿನ ಕೆಪಿಎಚ್‌ಬಿ ಕಾಲೊನಿಯಲ್ಲಿ ಯಾವ ದಿಕ್ಕಿಗೆ ಕತ್ತೆತ್ತಿದರೂ ಕೋಚಿಂಗ್ ಸೆಂಟರಿನ ಫಲಕ, ಅದರ ತುಂಬ ರ‍್ಯಾಂಕ್ ಬಂದವರ ಮುಖ. ಆರನೇ ಕ್ಲಾಸಿಗೇ ಐಐಟಿ ಫೌಂಡೇಶನ್ ಶುರುವಾಗುವ ಈ ಕೂಕಟ್‌ಪಲ್ಲಿಯಲ್ಲಿ ಮಕ್ಕಳಿಗೆ ಮನೆಯಲ್ಲೇ ಕಲಿಸುತ್ತೇವೆ ಎಂದು ಹೊರಟ ನಿಮ್ಮದು ದೊಡ್ಡ ಎದೆಗಾರಿಕೆ. ಆದರೆ ಹೊಗಳುವುದಕ್ಕೆಂದೇ ನನ್ನನ್ನು ಈ ಸಭೆಯ ಕುರ್ಚಿಯಲ್ಲಿ ಕೂರಿಸಿಲ್ಲ ಎಂದುಕೊಂಡಿದ್ದೇನೆ.

ನಿಮ್ಮಲ್ಲಿ ಅನೇಕರ ಆತಂಕ ಸರ್ಟಿಫಿಕೇಟಿನದು. ಅದನ್ನು ಬೇಗ ಮುಗಿಸುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎನ್ನುತ್ತದೆ. ಮನೆಶಾಲೆಯ ಹೆಸರೆತ್ತುವುದಿಲ್ಲ, ಸೇರಿಸದವರಿಗೆ ದಂಡವನ್ನೂ ಹೇಳುವುದಿಲ್ಲ. ಈ ಮಸುಕಿನಲ್ಲೇ ನಮ್ಮ ನಡಿಗೆ. ಹದಿನಾಲ್ಕು ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ, ಅಂದರೆ ಎನ್‌ಐಒಎಸ್‌ನಲ್ಲಿ, ಹತ್ತನೇ ತರಗತಿಗೆ ಹೆಸರು ನೋಂದಾಯಿಸಬಹುದು. ಪರೀಕ್ಷೆ ಮುಗಿಸಲು ಐದು ವರ್ಷ, ಒಂಬತ್ತು ಅವಕಾಶ. ಒಂದೊಂದೇ ವಿಷಯ ಮುಗಿಸುತ್ತ ಹೋಗಬಹುದು. ಹಾಗಾಗಿ ಸರ್ಟಿಫಿಕೇಟಿಗೆ ನಿದ್ದೆಗೆಡಬೇಡಿ.

ನಿದ್ದೆಗೆಡಬೇಕಾದದ್ದು ಬೇರೆ ಇದೆ. ಪುತ್ತೂರಿನಲ್ಲಿ ಶಿವರಾಮ ಕಾರಂತರು ತಮ್ಮ ಮಕ್ಕಳನ್ನು ಮೊದಮೊದಲ ವರ್ಷಗಳಲ್ಲಿ ಶಾಲೆಗೆ ಅಟ್ಟಲಿಲ್ಲ. ಹುಲಿಗಳ ಬೆನ್ನು ಹತ್ತಿದ ಉಲ್ಲಾಸ ಕಾರಂತ, ಮನಶ್ಶಾಸ್ತ್ರಜ್ಞೆ ಮಾಳವಿಕಾ ಕಪೂರ್ ಆ ಮನೆಯವರೇ. ನಿಮ್ಮ ಮುಖ ಅರಳಿದ್ದು ಇಲ್ಲಿಂದ ಕಾಣುತ್ತಿದೆ, ಸ್ವಲ್ಪ ತಡೆಯಿರಿ. ಆ ಮಕ್ಕಳ ಅಪ್ಪ ಮಕ್ಕಳ ವಿಶ್ವಕೋಶ ‘ಬಾಲಪ್ರಪಂಚ’ದ ಮೂರು ಸಂಪುಟ ಬರೆದವರು, ಸುತ್ತ ಗುಡ್ಡ, ಮರಗಿಡ. ಮನೆಯ ಭಾರ ಹೊತ್ತವರು ಅವರ ಹೆಂಡತಿ ಲೀಲಾ ಕಾರಂತ ಎಂಬುದನ್ನು ಮಾತ್ರ ನಾವು ಗಂಡಸರು ಸುಲಭವಾಗಿ ಮರೆಯುತ್ತೇವೆ. ಇಂದೂ ಅಷ್ಟೆ, ಮನೆಶಾಲೆಯ ನಿರ್ಧಾರ ಇಬ್ಬರದು, ಕೆಲಸ ಬಿಟ್ಟವಳು ಒಬ್ಬಳೇ. ಕಾರಂತರ ಮನೆಯ ಸುತ್ತಲಿನ ಗುಡ್ಡವೂ ನಮಗಿಲ್ಲ, ನಮಗಿರುವುದು ಎರಡು ಬೆಡ್‌ರೂಮಿನ ಫ್ಲಾಟು. ಬಾಗಿಲು ಹಾಕಿಕೊಂಡು ಅದರೊಳಗೇ ಪಾಠ ಒಪ್ಪಿಸಿಕೊಂಡರೆ ಅದೂ ಒಂದು ಕೋಚಿಂಗ್ ಸೆಂಟರೇ, ಫೀಸಿಲ್ಲ ಅಷ್ಟೆ.

ಅದರ ಬದಲು ಇಲ್ಲಿನ ರೈತು ಬಜಾರಿಗೆ ಹೋಗಿ ನೋಡಿ. ಆ ದಿನದ ದರ ಬೋರ್ಡಿನ ಮೇಲೆ ಬರೆದಿರುತ್ತದೆ. ಅಲ್ಲಿ ಒಬ್ಬ ಹುಡುಗಿ, ಹತ್ತು ವರ್ಷವಿರಬಹುದು, ನೂರರ ನೋಟು ಮಡಚಿ ಹಿಡಿದು ಬೋರ್ಡು ಓದುತ್ತಿದ್ದಳು. ‘ಅರ ಕಿಲೋ’ ಎಂದು ತೆಲುಗಿನಲ್ಲಿ ಟೊಮೆಟೊ ಕೇಳಿದಳು, ಮೆತ್ತಗಿದ್ದ ಎರಡನ್ನು ತೆಗೆದಿಟ್ಟಳು, ಚಿಲ್ಲರೆ ಕಡಿಮೆ ಬಂತೆಂದು ಮತ್ತೆ ಕೈ ಚಾಚಿದಳು. ತಾಯಿ ಆಚೆ ಕರಿಬೇವಿನ ರಾಶಿಯ ಹಿಂದೆ ನಿಂತು ತುಟಿ ಕಚ್ಚಿಕೊಂಡಿದ್ದಳು. ಬಾಯಿ ಹಾಕಲಿಲ್ಲ ನೋಡಿ, ಅದೇ ಕಷ್ಟದ ಕೆಲಸ. ಆತ್ಮವಿಶ್ವಾಸದ ಮೇಲೆ ವಾರಾಂತ್ಯದ ಶಿಬಿರಗಳು ಬೇಕಾದಷ್ಟಿವೆ. ಆ ದುಡ್ಡನ್ನು ಮಗುವಿನ ಕೈಗೇ ಕೊಟ್ಟು ಸಂತೆಗೆ ಕಳಿಸಿ.

ಇನ್ನೊಂದು ಮಾತು. ಬೆಳಗ್ಗೆ ಕೂಲಿಗಾಗಿ ಅಡ್ಡಾಗಳಲ್ಲಿ ನಿಲ್ಲುವವರ ಮಕ್ಕಳೂ ಶಾಲೆಯ ಹೊರಗಿದ್ದಾರೆ. ಅವರದು ಆಯ್ಕೆಯಲ್ಲ. ನಮ್ಮ ಪ್ರಯೋಗದ ಹೆಮ್ಮೆಯಲ್ಲಿ ಸರ್ಕಾರಿ ಶಾಲೆಯನ್ನು ಹೀಗಳೆಯುವ ಹಕ್ಕು ನಮಗಿಲ್ಲ.

ಇನ್ನು ನಮ್ಮ ಮಕ್ಕಳ ಕನ್ನಡದ ವಿಷಯ. 2018ರ ಕಾಯ್ದೆಯಿಂದ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯ. ನೆರೆಯವರ ನುಡಿ ಕಲಿಯಲಿ, ಒಳ್ಳೆಯದೇ. ಆದರೆ ಕನ್ನಡ ಕಲಿಸುವ, ಕಾಚಿಗುಡದಲ್ಲಿರುವ ನೃಪತುಂಗ ಶಾಲೆ ಇಲ್ಲಿಂದ ದೂರವಾಯಿತು. ಎನ್‌ಐಒಎಸ್‌ನಲ್ಲಿ ಕನ್ನಡವನ್ನು ಭಾಷೆಯಾಗಿ ಆರಿಸಿಕೊಳ್ಳಬಹುದು. ಅದಕ್ಕೆ ತಯಾರಿ ಬೇಕು: ಭಾನುವಾರಕ್ಕೊಂದು ಮನೆ, ಒಂದು ಪೆಟ್ಟಿಗೆ ಪುಸ್ತಕ, ಸರದಿಯ ಮೇಲೆ ಒಬ್ಬ ಅಪ್ಪ. ಹೌದು, ಅಪ್ಪ. ಸಂಚಾಲಕರು ಸರದಿಯ ಪಟ್ಟಿಯನ್ನು ಬಾಗಿಲ ಬಳಿ ಇಟ್ಟಿದ್ದಾರೆ, ಊಟಕ್ಕೆ ಮುಂಚೆ ಹೆಸರು ಬರೆಯಿರಿ.

ಮಧ್ಯಾಹ್ನದ ಗೋಷ್ಠಿ ಮಕ್ಕಳದು. ಮಾತಾಡುವವರು, ಪ್ರಶ್ನೆ ಕೇಳುವವರು, ಗಂಟೆ ಬಾರಿಸುವವರು ಎಲ್ಲ ಅವರೇ. ದಯವಿಟ್ಟು ಯಾರೂ ಮುಂದಿನ ಸಾಲಿನಲ್ಲಿ ಕೂತು ಉತ್ತರ ಪಿಸುಗುಟ್ಟಬೇಡಿ.