ಮಾದರಿ ವಿಮಾನದ ಪುಟ್ಟ ಎಂಜಿನ್ನು

ಮಾದರಿ ವಿಮಾನವೆಂದೊಡನೆ, ಹುರಿಗೊಳಿಸಿದ ರಬ್ಬರಿನ ಬಲದಿಂದ ಹಾರುವ ಕಾಗದದ ಹಕ್ಕಿಯೊಂದು ನಮ್ಮಲ್ಲಿ ಅನೇಕರ ಕಣ್ಣಮುಂದೆ ಬಂದು ನಿಲ್ಲುತ್ತದೆ. ಈಗ ನಾವು ಹೇಳಹೊರಟಿರುವುದು ಅದರ ವಿಷಯವನ್ನಲ್ಲ. ದೊಡ್ಡ ವಿಮಾನದಲ್ಲಿರುವಂತೆಯೇ ಸಿಲಿಂಡರು, ಪಿಸ್ಟನ್ನು, ಕಿಡಿ ಹಾರಿಸುವ ಪ್ಲಗ್ಗು ಮುಂತಾದುವನ್ನೆಲ್ಲ ಪಡೆದು, ಪೆಟ್ರೋಲನ್ನು ಕುಡಿದು, ನಿಮಿಷಕ್ಕೆ ಐದಾರು ಸಾವಿರ ಸುತ್ತು ತಿರುಗುವ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ ಎಂಜಿನ್ನೊಂದುಂಟು. ಅದನ್ನು ನಡೆಸುವುದು ಹೇಗೆ, ಅದು ಮೊಂಡುಹಿಡಿದಾಗ ಕಾರಣವನ್ನು ಹುಡುಕುವುದು ಹೇಗೆ, ಎಂಬುದೇ ಇಂದಿನ ವಿಷಯ. ಇಂಥ ಎಂಜಿನ್ನನ್ನು ಕೊಂಡವರು ಹಲವರು; ನೆಮ್ಮದಿಯಾಗಿ ನಡೆಸಬಲ್ಲವರು ಕೆಲವರು. ಇವರಿಬ್ಬರಿಗೂ ಇರುವ ವ್ಯತ್ಯಾಸ ಕೈಚಳಕದಲ್ಲಿಲ್ಲ, ವಿಚಾರದ ಕ್ರಮದಲ್ಲಿದೆ.

ಮೊದಲು ಈ ಯಂತ್ರದ ಪೂರ್ವೋತ್ತರವನ್ನು ಸ್ವಲ್ಪ ತಿಳಿಯೋಣ. 1901ರಲ್ಲಿ ಅಮೆರಿಕೆಯ ಸ್ಯಾಮ್ಯುಅಲ್ ಲ್ಯಾಂಗ್ಲಿಯವರು ತಾವು ಕಟ್ಟಬೇಕೆಂದಿದ್ದ ವಿಮಾನದ ಕಾಲು ಅಳತೆಯ ಮಾದರಿಯೊಂದನ್ನು ಪೆಟ್ರೋಲು ಎಂಜಿನ್ನಿನಿಂದ ಹಾರಿಸಿದರು. 1914ರಲ್ಲಿ ಇಂಗ್ಲೆಂಡಿನ ಡೇವಿಡ್ ಸ್ಟ್ಯಾಂಜರ್ ಎಂಬುವರ ಮಾದರಿ 51 ಸೆಕೆಂಡು ಗಾಳಿಯಲ್ಲಿ ನಿಂತು ದಾಖಲೆಯಾಯಿತು. ಆದರೆ ಈ ವಿದ್ಯೆ ಜನಸಾಮಾನ್ಯರ ಕೈಗೆ ಬಂದದ್ದು 1930ರ ದಶಕದಲ್ಲಿ. ಫಿಲಡೆಲ್ಫಿಯಾ ನಗರದ ವಿಲಿಯಂ ಬ್ರೌನ್ ಎಂಬ ತರುಣನು ಸುಮಾರು 10 ಘನ ಸೆಂಟಿಮೀಟರಿನ ಎಂಜಿನ್ನೊಂದನ್ನು ನಿರ್ಮಿಸಿದನು. ಅವನ ಸ್ನೇಹಿತ ಮ್ಯಾಕ್ಸ್‌ವೆಲ್ ಬ್ಯಾಸೆಟ್ ಅದನ್ನು ತನ್ನ ಮಾದರಿಗೆ ಹೂಡಿ 1933ರ ರಾಷ್ಟ್ರೀಯ ಸ್ಪರ್ಧೆಯಲ್ಲಿ ರಬ್ಬರಿನ ವಿಮಾನಗಳನ್ನೆಲ್ಲ ಹಿಂದೆ ಹಾಕಿದನು. ಆ ಮೇಲೆ ಪೆಟ್ರೋಲು ವಿಮಾನಗಳಿಗೆ ಬೇರೆ ಪಂಕ್ತಿಯನ್ನೇ ಹಾಕಬೇಕಾಯಿತು. ಅವು ಕಣ್ಮರೆಯಾಗಿ ಹೋಗುವಷ್ಟು ದೂರ ಹಾರುತ್ತಿದ್ದುದರಿಂದ ಮೊದಲು ಇಂಧನದ ಅಳತೆಗೂ, ಬಳಿಕ ಎಂಜಿನ್ನು ಓಡುವ ಸೆಕೆಂಡುಗಳಿಗೂ ಮಿತಿಯನ್ನು ಕಟ್ಟಿದರು. 1947ರಲ್ಲಿ ರೇ ಆರ್ಡೆನ್ ಅವರ ಕೆಂಡದ ಪ್ಲಗ್ಗು ಮಾರುಕಟ್ಟೆಗೆ ಬಂದಿತು. ಅದರಲ್ಲಿ ಪ್ಲಾಟಿನಮ್ ತಂತಿಯ ಸುರುಳಿಯೇ ಕೆಂಪಗೆ ಕಾದಿದ್ದು ಮೆಥನಾಲನ್ನು ಹೊತ್ತಿಸುವುದರಿಂದ, ಬ್ಯಾಟರಿಯನ್ನೂ ಕಾಯಿಲನ್ನೂ ಹೊತ್ತು ಹಾರುವ ಭಾರ ತಪ್ಪಿತು; ಸಣ್ಣ ವಿಮಾನಗಳಿಂದ ಪೆಟ್ರೋಲು ಬಹುಮಟ್ಟಿಗೆ ಹಿಂದೆ ಸರಿಯಿತು. ಆದರೂ ಹಳೆಯ ಎಂಜಿನ್ನುಗಳನ್ನು ಪ್ರೀತಿಯಿಂದ ಓಡಿಸುವ ಹವ್ಯಾಸಿಗಳು ಇಂದಿಗೂ ಇದ್ದಾರೆ. ವಿದ್ಯುಜ್ಜನಿತ ಮೋಟಾರುಗಳೇ ಹೆಚ್ಚಾಗಿರುವ ಈ ಕಾಲದಲ್ಲಿಯೂ ದೊಡ್ಡ ಮಾದರಿಗಳಲ್ಲಿ ಹೊಸ ಬಗೆಯ ಪೆಟ್ರೋಲು ಎಂಜಿನ್ನುಗಳು ಹಾರುತ್ತಿವೆ.

ಇನ್ನು ಯಂತ್ರದ ರಚನೆ. ಇದರಲ್ಲಿ ದೊಡ್ಡ ಎಂಜಿನ್ನುಗಳ ಕವಾಟಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಿಂಡಿಗಳೇ ಉಂಟು. ಪಿಸ್ಟನ್ನು ಮೇಲೇರುವಾಗ ಕೆಳಗಿನ ಕೋಣೆ ಪೆಟ್ರೋಲಿನ ಆವಿ ಬೆರೆತ ಗಾಳಿಯನ್ನು ಒಳಕ್ಕೆ ಸೆಳೆಯುತ್ತದೆ. ಅದೇ ವೇಳೆಗೆ ಪಿಸ್ಟನ್ನಿನ ಮೇಲಿರುವ ಮಿಶ್ರಣ ಒತ್ತಲ್ಪಟ್ಟು, ಕಿಡಿ ತಗುಲಿ ಉರಿಯುತ್ತದೆ. ಪಿಸ್ಟನ್ನು ಕೆಳಗಿಳಿದಾಗ ಒಂದು ಕಿಂಡಿಯಿಂದ ಸುಟ್ಟ ಹೊಗೆ ಹೊರಟುಹೋಗುತ್ತದೆ. ಮತ್ತೊಂದು ಕಿಂಡಿಯಿಂದ ಹೊಸ ಮಿಶ್ರಣ ಮೇಲಕ್ಕೆ ಬರುತ್ತದೆ. ಹೀಗೆ ಸುತ್ತಿಗೊಂದು ಸಾರಿ ಉರಿ. ಇಷ್ಟರಿಂದಲೇ ಒಂದು ಮುಖ್ಯವಾದ ಮಾತು ಸಿದ್ಧವಾಗುತ್ತದೆ. ಈ ಎಂಜಿನ್ನು ನಡೆಯಬೇಕಾದರೆ ಮೂರೇ ವಸ್ತುಗಳು ಬೇಕು: ತಕ್ಕ ಪ್ರಮಾಣದ ಇಂಧನ, ತಕ್ಕ ಸಮಯದ ಕಿಡಿ, ಸೋರಿಕೆಯಿಲ್ಲದ ಒತ್ತಡ. ನಡೆಯದಿದ್ದರೆ ಈ ಮೂರರಲ್ಲಿ ಒಂದು ಇಲ್ಲವೆಂದೇ ಅರ್ಥ. ನಾಲ್ಕನೆಯ ಕಾರಣವನ್ನು ಗ್ರಹಗತಿಯಲ್ಲಿ ಹುಡುಕಬೇಕಾಗಿಲ್ಲ.

ಇಂಧನದ ವಿಷಯದಲ್ಲಿ ಒಂದು ಎಚ್ಚರಿಕೆ. ಈ ಎಂಜಿನ್ನಿಗೆ ಬೇರೆ ಎಣ್ಣೆಯ ತೊಟ್ಟಿಯಿಲ್ಲದ ಕಾರಣ ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಬೆರಸಬೇಕು. 1930ರ ದಶಕದ ಎಂಜಿನ್ನುಗಳಿಗೆ ಮೂರು ಪಾಲು ಪೆಟ್ರೋಲಿಗೆ ಒಂದು ಪಾಲು ಗಟ್ಟಿಯಾದ ಮೋಟಾರು ಎಣ್ಣೆ ವಾಡಿಕೆಯಾದ ಪ್ರಮಾಣ. ಇಂದಿನ ದೊಡ್ಡ ಎಂಜಿನ್ನುಗಳಿಗೆ ಮೂವತ್ತರಿಂದ ಐವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ ಸಾಕು. ಹಳೆಯದರ ಪ್ರಮಾಣವನ್ನು ಹೊಸದಕ್ಕೆ ಹಾಕಿದರೆ ಪ್ಲಗ್ಗು ಮಸಿಗಟ್ಟುತ್ತದೆ. ಹೊಸದರ ಪ್ರಮಾಣವನ್ನು ಹಳೆಯದಕ್ಕೆ ಹಾಕಿದರೆ ಅದರ ಪಿಸ್ಟನ್ನೂ ದಂಡವೂ ಒಣಗಿ ಸವೆದು ಹಾಳಾಗುತ್ತವೆ. ನಮ್ಮ ಮನೆಗಳಲ್ಲಿ ಸುಲಭವಾಗಿ ಸಿಕ್ಕುವ ಹರಳೆಣ್ಣೆಯನ್ನು ಪೆಟ್ರೋಲಿಗೆ ಸುರಿಯಲಾಗದು. ಅದು ಮೆಥನಾಲಿನಲ್ಲಿ ಚೆನ್ನಾಗಿ ಕರಗುವುದೇ ಹೊರತು ಪೆಟ್ರೋಲಿನಲ್ಲಿ ಕರಗದೆ ತಳಕ್ಕೆ ನಿಲ್ಲುತ್ತದೆ. ಈಗಿನ ಬಂಕುಗಳ ಪೆಟ್ರೋಲಿನಲ್ಲಿ ಎಥನಾಲು ಬೆರೆತಿರುತ್ತದೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಕೆಲವು ಬಗೆಯ ರಬ್ಬರು ಕೊಳವೆಗಳನ್ನು ಕೆಡಿಸುತ್ತದೆ. ಆದಕಾರಣ ಹಾರಾಟ ಮುಗಿದೊಡನೆ ತೊಟ್ಟಿಯನ್ನು ಬರಿದುಮಾಡುವುದು ಲೇಸು.

ಎಂಜಿನ್ನನ್ನು ಹೊರಡಿಸುವ ಕ್ರಮ ಹೀಗೆ. ವಿಮಾನವನ್ನು ಒಬ್ಬರು ಹಿಂದಿನಿಂದ ಭದ್ರವಾಗಿ ಹಿಡಿದಿರಬೇಕು. ಕಿಡಿಯ ಸ್ವಿಚ್ಚು ಮುಚ್ಚಿರಲಿ. ಇಂಧನದ ಸೂಜಿತಿರುಪನ್ನು ತಯಾರಕರು ಹೇಳಿದಷ್ಟು ತೆರೆದು, ಗಾಳಿ ಹೋಗುವ ಬಾಯಿಗೆ ಬೆರಳನ್ನಿಟ್ಟು, ಪ್ರೊಪೆಲ್ಲರನ್ನು ಎರಡು ಮೂರು ಸಾರಿ ತಿರುಗಿಸಿದರೆ ಪೆಟ್ರೋಲು ಕೊಳವೆಯಲ್ಲಿ ಏರಿ ಬರುವುದು ಕಾಣುತ್ತದೆ. ಕಿಡಿಯ ಕಾಲವನ್ನು ಗೊತ್ತುಮಾಡುವ ಸನ್ನೆಯನ್ನು ಹಿಂದಕ್ಕೆ, ಎಂದರೆ ಕಿಡಿ ತಡವಾಗಿ ಬರುವಂತೆ, ಸರಿಸಬೇಕು. ಆಮೇಲೆ ಸ್ವಿಚ್ಚನ್ನು ತೆರೆದು ಪ್ರೊಪೆಲ್ಲರನ್ನು ಚುರುಕಾಗಿ ಹೊಡೆದು, ಕೈಯನ್ನು ಒಡನೆಯೇ ಹಿಂದೆಗೆಯಬೇಕು. ಎಂಜಿನ್ನು ಹೊರಟ ಮೇಲೆ ಸನ್ನೆಯನ್ನು ಮುಂದಕ್ಕೆ ಸರಿಸಿ ಸೂಜಿತಿರುಪನ್ನು ಹದಮಾಡಬೇಕು. ಸನ್ನೆಯನ್ನು ಮೊದಲೇ ಮುಂದಿಟ್ಟು ಹೊಡೆದರೆ, ಪಿಸ್ಟನ್ನು ತುದಿಗೇರುವ ಮುನ್ನವೇ ಉರಿ ಹತ್ತಿ ಪ್ರೊಪೆಲ್ಲರು ಹಿಂದಕ್ಕೆ ಎಗರಿ ಬೆರಳನ್ನು ಬಡಿಯುತ್ತದೆ. ಈ ಬಗೆಯ ಕೆಲವು ಎಂಜಿನ್ನುಗಳು ವಿರುದ್ಧ ದಿಕ್ಕಿಗೆ ತಿರುಗಿ ಸುಖವಾಗಿ ಓಡುವುದೂ ಉಂಟು. ಆಗ ಗಾಳಿ ಮುಂದಕ್ಕೆ ಬೀಸುವುದರಿಂದ ಗುರುತು ಹಿಡಿಯಬಹುದು.

ಈಗ ರೋಗಪರೀಕ್ಷೆಗೆ ಬರೋಣ. ಎಷ್ಟು ಹೊಡೆದರೂ ಎಂಜಿನ್ನು ಕೆಮ್ಮುವುದೂ ಇಲ್ಲವೆನ್ನಿ. ಇಂಥ ಸಮಯದಲ್ಲಿ ಸಾಮಾನ್ಯವಾಗಿ ನಾವು ಮಾಡುವ ಕೆಲಸವೆಂದರೆ ಸೂಜಿಯನ್ನು ತಿರುಗಿಸುವುದು, ಸನ್ನೆಯನ್ನು ಸರಿಸುವುದು, ಮತ್ತಷ್ಟು ಪೆಟ್ರೋಲನ್ನು ಹನಿಸುವುದು, ಎಲ್ಲವನ್ನೂ ಒಟ್ಟಿಗೆ. ಇದರ ಫಲವಾಗಿ ಒಂದಿದ್ದ ದೋಷ ಮೂರಾಗುತ್ತದೆ. ಹಾಗೆ ಮಾಡದೆ ಮೊದಲು ಕಿಡಿಯನ್ನು ನೋಡಬೇಕು. ಪ್ಲಗ್ಗನ್ನು ಬಿಚ್ಚಿ, ಚೆಲ್ಲಿದ ಪೆಟ್ರೋಲನ್ನು ಒರಸಿ, ಡಬ್ಬಿಯನ್ನು ದೂರವಿಟ್ಟು, ಪ್ಲಗ್ಗಿನ ಮೈ ಎಂಜಿನ್ನಿನ ಲೋಹಕ್ಕೆ ತಾಗುವಂತೆಯೂ, ತುದಿ ಸಿಲಿಂಡರಿನ ರಂಧ್ರದಿಂದ ದೂರವಿರುವಂತೆಯೂ ಇರಿಸಿ, ನೆರಳಿನಲ್ಲಿ ಪ್ರೊಪೆಲ್ಲರನ್ನು ತಿರುಗಿಸಬೇಕು. ನೀಲಿಯಾದ ಕಿಡಿ ಚಟ್ಟೆಂದು ಹಾರಿದರೆ ಸರಿ. ಹಾರದಿದ್ದರೆ ಮೊದಲು ಬ್ಯಾಟರಿಯನ್ನು ಶಂಕಿಸಬೇಕು. ನೂರಕ್ಕೆ ಎಷ್ಟೋ ಪಾಲು ಅಪರಾಧ ಅದರದೇ. ಬಳಿಕ ತಂತಿಯ ಬೆಸುಗೆಗಳು. ಎಂಜಿನ್ನಿನ ಅದುರಿಗೆ ಅವು ಒಳಗೊಳಗೇ ಬಿರಿದಿರುತ್ತವೆ. ಬಳಿಕ ವಿದ್ಯುತ್ತನ್ನು ಕಡಿದು ಕೂಡಿಸುವ ಬಿಂದುಗಳು. ಅವುಗಳ ನಡುವೆ ಸುಮಾರು ಒಂದು ಪೋಸ್ಟ್‌ಕಾರ್ಡಿನ ದಪ್ಪದಷ್ಟು ಸಂದು ಇರಬೇಕು. ಎಣ್ಣೆ ತಗುಲಿದ್ದರೆ ಶುದ್ಧವಾದ ಕಾಗದದ ಚೂರನ್ನು ನಡುವೆ ಎಳೆದು ಒರಸಬೇಕು. ಬಿಂದುಗಳಲ್ಲಿಯೇ ದೊಡ್ಡ ಕಿಡಿ ಹಾರಿ ಪ್ಲಗ್ಗಿನಲ್ಲಿ ಮಂಕಾಗಿದ್ದರೆ ಕಂಡೆನ್ಸರು ಕೆಟ್ಟಿದೆಯೆಂದು ಊಹಿಸಬಹುದು. ಇನ್ನೊಂದು ಮಾತು: ತೆರೆದ ಗಾಳಿಯಲ್ಲಿ ಹಾರುವ ಬಡಕಲು ಕಿಡಿ ಸಿಲಿಂಡರಿನ ಒತ್ತಡದೊಳಗೆ ಹಾರಲಾರದೆ ಹೋಗಬಹುದು. ಆದುದರಿಂದ ಕಿಡಿ ಕಂಡಿತೆಂಬುದು ಸಾಲದು, ಬಲವಾಗಿ ಕಾಣಬೇಕು.

ಕಿಡಿ ಚೆನ್ನಾಗಿದ್ದು ಪ್ಲಗ್ಗು ಒದ್ದೆಯಾಗಿದ್ದರೆ ಇಂಧನ ಅತಿಯಾಗಿದೆ. ಸೂಜಿಯನ್ನು ಮುಚ್ಚಿ, ಸ್ವಿಚ್ಚನ್ನು ಆರಿಸಿ, ವಿಮಾನವನ್ನು ತಲೆಕೆಳಗೆ ಹಿಡಿದು, ಪ್ಲಗ್ಗಿಲ್ಲದೆಯೇ ಹತ್ತಾರು ಸುತ್ತು ತಿರುಗಿಸಿ ಒಳಗಿನ ಪೆಟ್ರೋಲನ್ನು ಹೊರಗೆಡವಬೇಕು. ಪ್ಲಗ್ಗು ಒಣಗಿದ್ದರೆ ಇಂಧನ ಬರುತ್ತಲೇ ಇಲ್ಲ. ಸೂಜಿಯ ತುದಿಯಲ್ಲಿ ಕಸ ನಿಂತಿರಬಹುದು. ಕಿಡಿಯೂ ಇಂಧನವೂ ಸರಿಯಾಗಿದ್ದರೆ ಪ್ಲಗ್ಗನ್ನು ಮತ್ತೆ ಬಿಗಿದು, ಸ್ವಿಚ್ಚು ಆರಿರುವಾಗಲೇ ಪ್ರೊಪೆಲ್ಲರನ್ನು ಮೆಲ್ಲಗೆ ತಿರುಗಿಸಿ ಒತ್ತಡವನ್ನು ನೋಡಬೇಕು. ತುದಿಯ ಬಳಿ ಅದು ಸ್ಪ್ರಿಂಗಿನಂತೆ ಪುಟಿಯಬೇಕು. ಪುಟಿಯದೆ ಬುಸ್ಸೆಂದರೆ ಪ್ಲಗ್ಗಿನ ಬುಡದ ಬಿಲ್ಲೆ ಸೋರುತ್ತಿದೆ, ಇಲ್ಲವೆ ಪಿಸ್ಟನ್ನು ಒಣಗಿದೆ. ಒಣಗಿದ್ದರೆ ನಾಲ್ಕು ಹನಿ ಎಣ್ಣೆಯೇ ಔಷಧ.

ಹೊರಟು, ಎರಡು ಕ್ಷಣ ಗರ್ಜಿಸಿ ನಿಂತುಹೋಗುವುದು ಎರಡನೆಯ ರೋಗ. ನಾವು ಹನಿಸಿದ ಪೆಟ್ರೋಲು ಉರಿಯಿತು, ತೊಟ್ಟಿಯ ಪೆಟ್ರೋಲು ಬರಲಿಲ್ಲ ಎಂಬುದೇ ಇದರ ಅರ್ಥ. ಆಗ ಕಿಡಿಯ ಕಡೆಗೆ ತಿರುಗಿ ನೋಡಬೇಕಾಗಿಲ್ಲ. ತೊಟ್ಟಿಯ ಗಾಳಿರಂಧ್ರ, ಕೊಳವೆಯ ಬಿರುಕು, ಸೂಜಿಯ ಕಸ, ಈ ಮೂರನ್ನು ನೋಡಿದರೆ ಸಾಕು. ಓಡುವಾಗ ಒಂದು ಸುತ್ತು ಬಿಟ್ಟು ಒಂದು ಸುತ್ತು ಉರಿಯುವಂತೆ ದಡದಡನೆ ಸದ್ದುಮಾಡಿ ಬಿಳಿಯ ಹೊಗೆ ಕಾರಿದರೆ ಮಿಶ್ರಣದಲ್ಲಿ ಇಂಧನ ಹೆಚ್ಚು. ಸೂಜಿಯನ್ನು ಕೂದಲೆಳೆಯಷ್ಟು ಮುಚ್ಚಬೇಕು. ಕಿರುಚುವಂತೆ ಓಡಿ, ಕಾದು, ಕ್ರಮೇಣ ಕುಗ್ಗಿದರೆ ಇಂಧನ ಕಡಮೆ, ತೆರೆಯಬೇಕು. ಎರಡನೆಯದೇ ಹೆಚ್ಚು ಅಪಾಯದ್ದು. ಏಕೆಂದರೆ ಎಣ್ಣೆಯೂ ಇಂಧನದ ಜೊತೆಗೇ ಬರತಕ್ಕದ್ದು. ಇಂಧನ ಕಡಮೆಯಾದರೆ ಎಣ್ಣೆಯೂ ಕಡಮೆಯಾಯಿತು.

ನೆಲದ ಮೇಲೆ ಸೊಗಸಾಗಿ ಹಾಡಿದ ಎಂಜಿನ್ನು ಗಾಳಿಗೇರಿದೊಡನೆ ನಿಲ್ಲುವುದು ಎಲ್ಲಕ್ಕಿಂತ ಮೋಸದ ರೋಗ. ವಿಮಾನ ಮೂಗೆತ್ತಿ ಏರುವಾಗ ಹಿಂದಿರುವ ತೊಟ್ಟಿ ಎಂಜಿನ್ನಿಗಿಂತ ಕೆಳಗಾಗುತ್ತದೆ, ಪೆಟ್ರೋಲು ಮೇಲೇರಲಾರದು. ಅಲ್ಲದೆ ಮುನ್ನುಗ್ಗುವ ವಿಮಾನದಲ್ಲಿ ಪ್ರೊಪೆಲ್ಲರಿನ ಹೊರೆ ತಗ್ಗಿ ಸುತ್ತುಗಳು ಏರುವುದರಿಂದ ಇಂಧನ ಇನ್ನೂ ಹೆಚ್ಚು ಬೇಕಾಗುತ್ತದೆ. ಆದುದರಿಂದ ಬಿಡುವ ಮೊದಲು ವಿಮಾನದ ಮೂಗನ್ನು ಆಕಾಶಕ್ಕೆ ಎತ್ತಿ ಹಿಡಿದು ಆಲಿಸಬೇಕು. ಆ ಸ್ಥಿತಿಯಲ್ಲಿ ಸದ್ದು ಕುಗ್ಗಿದರೆ ಸೂಜಿಯನ್ನು ಸ್ವಲ್ಪ ತೆರೆದು ಮತ್ತೆ ಪರೀಕ್ಷಿಸಬೇಕು. ಊರಿನ ಎತ್ತರವೂ ಇಲ್ಲಿ ಗಣನೆಗೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಮೇಲಿದೆ. ಇಲ್ಲಿಯ ಗಾಳಿ ಮಂಗಳೂರಿನ ಗಾಳಿಗಿಂತ ಹತ್ತರಲ್ಲಿ ಹೆಚ್ಚುಕಡಮೆ ಒಂದು ಪಾಲು ತೆಳ್ಳಗೆ. ಕಡಲತೀರದಲ್ಲಿ ಹದಮಾಡಿದ ಸೂಜಿ ಇಲ್ಲಿ ಅತಿ ಇಂಧನವನ್ನು ಕೊಡುತ್ತದೆ. ಇಲ್ಲಿ ಹದಮಾಡಿದ್ದು ಅಲ್ಲಿ ಕಡಮೆ ಕೊಟ್ಟು ಎಂಜಿನ್ನನ್ನು ಸುಡುತ್ತದೆ. ಯಂತ್ರ ಕೆಟ್ಟಿತೆಂದು ದೂರುವ ಮುನ್ನ ನಾವು ನಿಂತಿರುವ ನೆಲವನ್ನೂ ನೋಡಿಕೊಳ್ಳಬೇಕು.

ಕೊನೆಯದಾಗಿ, ಆದರೆ ಮೊದಲು ನೆನಪಿಡಬೇಕಾದ ಮಾತು. ತಿರುಗುವ ಪ್ರೊಪೆಲ್ಲರು ಕಣ್ಣಿಗೆ ಕಾಣದು. ಬೆರಳನ್ನು ಮಾತ್ರ ಬಿಡದು. ಅದು ತಿರುಗುವ ನೇರದಲ್ಲಿ ಯಾರೂ, ಮುಖ್ಯವಾಗಿ ಮಕ್ಕಳು, ನಿಲ್ಲಬಾರದು. ಸೂಜಿಯನ್ನು ಯಾವಾಗಲೂ ಹಿಂದಿನಿಂದಲೇ ತಿರುಗಿಸಬೇಕು. ಉತ್ತರೀಯ, ಸೆರಗು, ಕೊರಳಿನ ಟೈ, ಸಡಿಲವಾದ ತೋಳು ಇವು ಹತ್ತಿರ ಸುಳಿಯಬಾರದು. ದೊಡ್ಡ ಎಂಜಿನ್ನುಗಳನ್ನು ಹೊರಡಿಸಲು ದಪ್ಪ ಕೈಚೀಲವನ್ನೋ ಹೊರಡಿಸುವ ಮೋಟಾರನ್ನೋ ಬಳಸಬೇಕು. ಅಂಚು ಮುರಿದ ಪ್ರೊಪೆಲ್ಲರನ್ನು ಅಂಟು ಹಾಕಿ ಉಳಿಸುವುದು ಉಳಿತಾಯವಲ್ಲ. ಅದರ ಚೂರು ಹಾರಿದರೆ ಹೋಗುವುದು ಯಾರದೋ ಕಣ್ಣು. ಕಿಡಿಯ ಸ್ವಿಚ್ಚು ಆರಿದೆಯೆಂಬುದನ್ನು ಕಣ್ಣಿನಿಂದ ನೋಡದೆ ಪ್ರೊಪೆಲ್ಲರನ್ನು ಮುಟ್ಟಬಾರದು.

ಇಷ್ಟನ್ನೂ ಒಂದೇ ಸೂತ್ರದಲ್ಲಿ ಹೇಳಬಹುದು: ಒಂದು ಸಾರಿಗೆ ಒಂದನ್ನು ಮಾತ್ರ ಬದಲಾಯಿಸು, ಬದಲಾಯಿಸಿದ್ದನ್ನು ಬರೆದಿಡು, ಆಮೇಲೆ ಆಲಿಸು. ಪುಟ್ಟ ಎಂಜಿನ್ನು ಸುಳ್ಳು ಹೇಳುವುದಿಲ್ಲ. ಒದ್ದೆಯಾದ ಪ್ಲಗ್ಗು, ಬಿಳಿಯ ಹೊಗೆ, ಕುಗ್ಗುವ ದನಿ, ಇವೇ ಅದರ ಮಾತು. ಅದನ್ನು ತಾಳ್ಮೆಯಿಂದ ಕೇಳಿಸಿಕೊಳ್ಳುವ ಅಭ್ಯಾಸ ನಮ್ಮ ಹುಡುಗರಿಗೆ ಒಮ್ಮೆ ಬಂದರೆ, ಮುಂದೆ ಅವರು ಕೈಹಾಕುವ ದೊಡ್ಡ ಯಂತ್ರಗಳಲ್ಲಿಯೂ ಅದು ಕೆಲಸಕ್ಕೆ ಬರುತ್ತದೆ. ಅವರ ಹತ್ತು ಬೆರಳುಗಳೂ ಕ್ಷೇಮವಾಗಿ ಉಳಿಯುತ್ತವೆ.