ಒಂದೇ ಸೂರು, ಎರಡು ಹೆಸರು



ಎರಡು ಸಂಸ್ಥೆಗಳು ಒಂದಾಗಲು ಅವುಗಳನ್ನು ನಡೆಸುವವರ ಮನಸ್ಸು ಕೂಡಿದರೆ ಸಾಕೇ? ಸಾಲದು. ಎಂದೋ ತೀರಿಹೋದ ದಾನಿಗಳ ಷರತ್ತೂ ಕೂಡಿಬರಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಕ್ರೈಸ್ತ ಪಾದ್ರಿಗಳನ್ನು ಸಿದ್ಧಪಡಿಸುತ್ತಿದ್ದ ಎರಡು ಶಾಲೆಗಳ ಚರಿತ್ರೆ ಇದಕ್ಕೆ ಸಾಕ್ಷಿ.

ಮೊದಲನೆಯದು ಆಂಡೋವರ್. 1805ರಲ್ಲಿ ಹಾರ್ವರ್ಡ್ ಕಾಲೇಜು ಉದಾರವಾದಿ ಹೆನ್ರಿ ವೇರ್ ಅವರನ್ನು ದೈವಶಾಸ್ತ್ರದ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಅದನ್ನು ಸಹಿಸದ ಕಾಂಗ್ರೆಗೇಷನಲ್ ಪಂಗಡದ ಸಂಪ್ರದಾಯಸ್ಥರು 1807ರಲ್ಲಿ ಈ ಶಾಲೆಯನ್ನು ಕಟ್ಟಿದರು. ಅಧ್ಯಾಪಕರು ಐದು ವರ್ಷಕ್ಕೊಮ್ಮೆ ಸಂಸ್ಥೆಯ ವಿಶ್ವಾಸ ಪ್ರಮಾಣಕ್ಕೆ ಮತ್ತೆ ಒಪ್ಪಿಗೆ ನೀಡಬೇಕೆಂಬುದು ಅವರ ಕಟ್ಟಳೆ. ಎರಡನೆಯದು ಬ್ಯಾಪ್ಟಿಸ್ಟರು 1825ರಲ್ಲಿ ತೆರೆದ ನ್ಯೂಟನ್.

ಇವರ ನಡುವಿನ ಭೇದ ಸಣ್ಣದಲ್ಲ. ಕಾಂಗ್ರೆಗೇಷನಲ್ ಪಂಗಡದವರು ಹಸುಗೂಸಿಗೂ ದೀಕ್ಷಾಸ್ನಾನ ಮಾಡಿಸುತ್ತಾರೆ. ತಾನಾಗಿ ನಂಬಿ ಬಂದವರಿಗೆ ಮಾತ್ರ, ಅದೂ ನೀರಿನಲ್ಲಿ ಪೂರ್ತಿ ಮುಳುಗಿಸಿ, ಎನ್ನುವವರು ಬ್ಯಾಪ್ಟಿಸ್ಟರು. ಆಂಡೋವರ್‌ನಲ್ಲಿ ಓದಿ 1812ರಲ್ಲಿ ಭಾರತಕ್ಕೆ ಹಡಗು ಹತ್ತಿದ ಅಡೋನಿರಾಮ್ ಜಡ್ಸನ್, ಇದೇ ಪ್ರಶ್ನೆಯನ್ನು ದಾರಿಯುದ್ದಕ್ಕೂ ಚಿಂತಿಸಿ, ಕಲ್ಕತ್ತದಲ್ಲಿ ಬ್ಯಾಪ್ಟಿಸ್ಟರಾದರು!

ಕಾಲ ಉರುಳಿತು. ವಿದ್ಯಾರ್ಥಿಗಳು ವಿರಳವಾದಾಗ ಆಂಡೋವರ್ 1908ರಲ್ಲಿ ತಾನು ಯಾರನ್ನು ವಿರೋಧಿಸಿ ಹುಟ್ಟಿತೋ ಅದೇ ಹಾರ್ವರ್ಡಿನ ಮಗ್ಗುಲಿಗೆ ಹೋಯಿತು. 1922ರಲ್ಲಿ ಎರಡೂ ಒಂದಾಗಲು ಒಪ್ಪಂದವಾಯಿತು. ಆದರೆ ಆಂಡೋವರ್‌ನ ಮೇಲ್ವಿಚಾರಣಾ ಮಂಡಳಿ ಆಕ್ಷೇಪಿಸಿತು. ಈ ಒಪ್ಪಂದ ದತ್ತಿಯ ಉದ್ದೇಶಕ್ಕೆ ವಿರುದ್ಧವೆಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ 1925ರಲ್ಲಿ ತೀರ್ಪಿತ್ತಿತು. ಮರುವರ್ಷ ಪಾಠವೇ ನಿಂತಿತು. ಕಟ್ಟಳೆ ಗೆದ್ದಿತು, ತರಗತಿಗಳು ಬರಿದಾದವು.

ಅಷ್ಟರಲ್ಲಿ 1929ರ ಷೇರುಪೇಟೆ ಕುಸಿತ ಬಂತು. ದೇಶವೇ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದಾಗ, 1931ರಲ್ಲಿ, ಆಂಡೋವರ್ ನ್ಯೂಟನ್‌ನ ಆವರಣಕ್ಕೆ ಬಂದು ಸೇರಿತು. ಈ ಬಾರಿ ಯಾರೂ ಹೆಸರು ಅಳಿಸಲು ಹೊರಡಲಿಲ್ಲ. ಆವರಣವೂ ಪಾಠವೂ ಒಂದಾದವು. ಸಂಸ್ಥೆಗಳು ಮಾತ್ರ ಕಾನೂನಿನ ಕಣ್ಣಿಗೆ ಬೇರೆಯಾಗಿಯೇ ಉಳಿದವು. ಒಂದೇ ಒಲೆಯ ಮೇಲೆ ಎರಡು ಮನೆಯ ಅಡುಗೆ ಎನ್ನಬಹುದು. ವಿಧಿವತ್ತಾದ ವಿಲೀನ ನಡೆದದ್ದು 1965ರಲ್ಲಿ, 34 ವರ್ಷಗಳ ಸಹವಾಸದ ನಂತರ.

ಮುಂದೆ ಈ ಕೂಡುಸಂಸ್ಥೆಗೂ ಆವರಣ ಭಾರವಾಯಿತು. 2017ರಲ್ಲಿ ಅದು ಯೇಲ್ ವಿಶ್ವವಿದ್ಯಾಲಯದ ಆಶ್ರಯ ಪಡೆಯಿತು. ಹೆಸರು ಮಾತ್ರ ಇಂದಿಗೂ ಆಂಡೋವರ್ ನ್ಯೂಟನ್.

ದೀಕ್ಷಾಸ್ನಾನದ ವಾದವನ್ನು ಅಲ್ಲಿ ಯಾರೂ ಗೆಲ್ಲಲಿಲ್ಲ. ಗೆಲ್ಲುವವರೆಗೆ ಕಾಯದೆ ಒಟ್ಟಿಗೆ ಪಾಠಕ್ಕೆ ಕುಳಿತದ್ದೇ ಎರಡನ್ನೂ ಉಳಿಸಿತು.